ನಾಲ್ಕು ಹೆಸರೋ, ಮೂರೋ: ನೀತಿಯ ಚರ್ಚೆ ನಡೆಯುವ ಬಗೆ

ನಾಲ್ವರು ವಿದ್ಯಾರ್ಥಿಗಳು ಸೇರಿ ಒಂದು ಯೋಜನಾ ವರದಿ ಒಪ್ಪಿಸಬೇಕು. ಆರು ವಾರಗಳ ಗಡುವು. ಎರಡನೆಯ ವಾರದಲ್ಲಿ ನಾಲ್ಕನೆಯವಳ ತಂದೆ ಆಸ್ಪತ್ರೆ ಸೇರುತ್ತಾರೆ. ಅವಳು ತರಗತಿಗೆ ಬರುತ್ತಾಳೆ, ಹೋಗುತ್ತಾಳೆ, ಆದರೆ ವರದಿಯ ಒಂದು ಸಾಲನ್ನೂ ಬರೆಯಲು ಆಗುವುದಿಲ್ಲ. ಉಳಿದ ಮೂವರು ಅವಳ ಪಾಲನ್ನೂ ಹಂಚಿಕೊಂಡು ಹೇಗೋ ಮುಗಿಸುತ್ತಾರೆ. ಒಪ್ಪಿಸುವ ಹಿಂದಿನ ರಾತ್ರಿ ಮುಖಪುಟ ಸಿದ್ಧಪಡಿಸುವಾಗ ಕೈ ತಡೆಯುತ್ತದೆ. ಹೆಸರುಗಳಿಗೆ ಬಿಟ್ಟ ಜಾಗದ ಮೇಲೆ ಒಂದು ವಾಕ್ಯ ಅಚ್ಚಾಗಿದೆ: ‘ಈ ಕೆಳಗಿನವರೆಲ್ಲರೂ ಈ ಕೆಲಸದಲ್ಲಿ ಪಾಲ್ಗೊಂಡಿದ್ದಾರೆ.’ ನಾಲ್ಕು ಹೆಸರು ಬರೆಯಬೇಕೋ, ಮೂರೋ?

ಇಪ್ಪತ್ತು ಮಂದಿಯಿರುವ ಕೋಣೆಯೊಂದರಲ್ಲಿ ಈ ಪ್ರಸಂಗವನ್ನು ಓದಿ ಹೇಳಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಅಲ್ಲಿರುವ ಹಿರಿಯರೊಬ್ಬರು ಗಂಟಲು ಸರಿಪಡಿಸಿಕೊಂಡು ಪ್ರಾಮಾಣಿಕತೆಯ ಬಗ್ಗೆ ಹತ್ತು ನಿಮಿಷ ಮಾತನಾಡುತ್ತಾರೆ, ವಿದ್ಯಾರ್ಥಿಗಳು ತಲೆ ಆಡಿಸುತ್ತಾ ಕಿಟಕಿಯಾಚೆ ನೋಡುತ್ತಾರೆ. ಇಲ್ಲವಾದರೆ ಕೋಣೆ ಇಬ್ಭಾಗವಾಗಿ ‘ಪಾಪ’ ಎನ್ನುವವರು ಒಂದು ಕಡೆ, ‘ನಿಯಮ ನಿಯಮವೇ’ ಎನ್ನುವವರು ಇನ್ನೊಂದು ಕಡೆ ನಿಂತು ಮಾತಿಗೆ ಮಾತು ಬೆಳೆಯುತ್ತದೆ. ಮೊದಲನೆಯದು ಉಪದೇಶ, ಎರಡನೆಯದು ಪಂಥ. ಎರಡರಲ್ಲೂ ಯಾರೂ ಯೋಚನೆ ಮಾಡಿರುವುದಿಲ್ಲ. ಬಂದಾಗ ಇದ್ದ ಅಭಿಪ್ರಾಯವನ್ನೇ, ಇನ್ನಷ್ಟು ಗಟ್ಟಿ ಮಾಡಿಕೊಂಡು, ಮನೆಗೆ ಒಯ್ಯುತ್ತಾರೆ.

ವಿದ್ಯಾರ್ಥಿಗಳನ್ನೂ ಸುತ್ತಲಿನ ಸಮುದಾಯದವರನ್ನೂ ಒಟ್ಟಿಗೆ ಕೂರಿಸಿ ನೀತಿಯ ಪ್ರಶ್ನೆಗಳನ್ನು ಚರ್ಚಿಸಬೇಕೆಂಬ ಮಾತು ಶಿಕ್ಷಣದ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಕೂರಿಸುವುದೇನೂ ಕಷ್ಟವಲ್ಲ. ಕೂತವರು ಮನಸ್ಸು ಬದಲಿಸಿಕೊಂಡರೂ ಮುಖಭಂಗವಾಗದಂತೆ ಆ ಒಂದೂವರೆ ಗಂಟೆಯನ್ನು ಕಟ್ಟುವುದು ಕಷ್ಟ. ನನ್ನ ದೃಷ್ಟಿಯಲ್ಲಿ ಇಡೀ ಕಸುಬು ಇರುವುದು ಅಲ್ಲಿಯೇ.

ಪಕ್ಷ ಹಂಚದ ಸ್ಪರ್ಧೆ

ಕನ್ನಡದಲ್ಲಿ ಚರ್ಚೆ ಎಂದೊಡನೆ ಬಾಲದಂತೆ ‘ಸ್ಪರ್ಧೆ’ ಎಂಬ ಮಾತು ಅಂಟಿಕೊಂಡು ಬರುತ್ತದೆ. ಪರ, ವಿರೋಧ, ಗಂಟೆ, ಬಹುಮಾನ. ಯಾವ ಪಕ್ಷ ಎಂದು ಚೀಟಿ ಎತ್ತಿ ಹೇಳುತ್ತಾರೆ, ಆ ಪಕ್ಷವನ್ನು ಕೊನೆಯವರೆಗೆ ಬಿಟ್ಟುಕೊಡದವರು ಗೆಲ್ಲುತ್ತಾರೆ. ವಾಕ್ಚಾತುರ್ಯ ಬೆಳೆಸಲು ಅದು ಒಳ್ಳೆಯದೇ. ಆದರೆ ಎದುರಾಳಿಯ ಮಾತಿನಲ್ಲಿ ಸತ್ಯವಿದೆ ಎಂದು ಕಂಡ ಕ್ಷಣವೇ ಅದನ್ನು ಕಂಡಿಲ್ಲವೆಂಬಂತೆ ನಟಿಸುವುದನ್ನೂ ಅದು ಕಲಿಸುತ್ತದೆ.

ಅಮೆರಿಕದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ರಾಬರ್ಟ್ ಲಾಡೆನ್ಸನ್ 1993ರಲ್ಲಿ ಇದಕ್ಕೆ ಬೇರೊಂದು ರೂಪ ಕೊಟ್ಟರು. ‘ಎಥಿಕ್ಸ್ ಬೌಲ್’ ಎಂಬ ಹೆಸರಿನ ಆ ಸ್ಪರ್ಧೆಯಲ್ಲಿ ಪ್ರಸಂಗಗಳನ್ನು ಮೊದಲೇ ತಂಡಗಳಿಗೆ ಕೊಟ್ಟಿರುತ್ತಾರೆ, ಆದರೆ ಪಕ್ಷವನ್ನು ಹಂಚುವುದಿಲ್ಲ. ಎರಡು ತಂಡಗಳೂ ಒಂದೇ ತೀರ್ಮಾನಕ್ಕೆ ಬಂದರೂ ತಪ್ಪಿಲ್ಲ. ತೀರ್ಪುಗಾರರು ಅಂಕ ಕೊಡುವುದು ಕಾರಣಗಳು ಎಷ್ಟು ಸ್ಪಷ್ಟವಾಗಿವೆ, ತಮಗೆ ಒಪ್ಪದವರ ವಾದವನ್ನು ಎಷ್ಟು ಗಂಭೀರವಾಗಿ ತೂಗಿದ್ದಾರೆ ಎಂಬುದಕ್ಕೆ. ‘ನೀವು ಹೇಳಿದ್ದು ನಮಗೆ ಹೊಳೆದಿರಲಿಲ್ಲ, ಆ ಕಾರಣಕ್ಕೆ ನಮ್ಮ ನಿಲುವನ್ನು ಇಷ್ಟು ಸಡಿಲಿಸುತ್ತೇವೆ’ ಎಂದು ಒಂದು ತಂಡ ಹೇಳಿದರೆ ಅಂಕ ಹೋಗುವುದಿಲ್ಲ, ಬರಬಹುದು. ನಿಯಮದಲ್ಲಿ ಆದ ಬದಲಾವಣೆ ಇಷ್ಟೇ. ಅಷ್ಟರಿಂದಲೇ ಕೋಣೆಯ ಗಾಳಿ ಬೇರೆಯಾಗುತ್ತದೆ. ಒಂದು ಕಾಲೇಜಿನಲ್ಲಿ ಆರಂಭವಾದದ್ದು ಬೇರೆ ಕಾಲೇಜುಗಳಿಗೆ ಹಬ್ಬಿತು, 2012ರ ಹೊತ್ತಿಗೆ ಪ್ರೌಢಶಾಲೆಗಳಿಗೂ ಇಳಿಯಿತು.

ಸ್ಪರ್ಧೆಯೇ ಬೇಕೆಂದಿಲ್ಲ. ನನ್ನನ್ನು ಕೇಳಿದರೆ ಸ್ಪರ್ಧೆಯಿಲ್ಲದೆಯೇ ಚೆನ್ನ. ಆದರೆ ಲಾಡೆನ್ಸನ್ ಗುರುತಿಸಿದ ಅಂಶವನ್ನು ಬಿಡುವಂತಿಲ್ಲ: ಜನರು ಹೇಗೆ ಮಾತನಾಡುತ್ತಾರೆ ಎಂಬುದು ಅಲ್ಲಿ ಯಾವುದಕ್ಕೆ ಮನ್ನಣೆ ಸಿಗುತ್ತದೆ ಎಂಬುದನ್ನು ಅವಲಂಬಿಸಿದೆ.

ಜಗಳ ಎಲ್ಲಿದೆ?

ಮುಖಪುಟದ ಪ್ರಶ್ನೆಗೆ ಮರಳೋಣ. ಇಬ್ಬರು ಒಪ್ಪುತ್ತಿಲ್ಲ ಎಂದರೆ ಅವರ ನಡುವಿನ ಜಗಳ ಮೂರು ಕಡೆ ಇರಬಹುದು, ಮತ್ತು ಹೆಚ್ಚಿನ ಸಲ ಅದು ಎಲ್ಲಿದೆ ಎಂಬುದು ಅವರಿಗೇ ತಿಳಿದಿರುವುದಿಲ್ಲ.

ಮೊದಲನೆಯದು ಸಂಗತಿಯ ಬಗೆಗಿನ ಜಗಳ. ಅವಳು ನಿಜವಾಗಿಯೂ ಏನೂ ಮಾಡಲಿಲ್ಲವೆ? ಮೊದಲ ವಾರದಲ್ಲಿ ವಿಷಯ ಆರಿಸಿದ್ದು ಅವಳೇ ಅಲ್ಲವೆ? ಶಿಕ್ಷಕರಿಗೆ ತಂದೆಯ ಕಾಯಿಲೆ ಗೊತ್ತಿದೆಯೆ? ಗಡುವು ಮುಂದೂಡಿ ಎಂದು ಯಾರಾದರೂ ಕೇಳಿದ್ದರೆ ಕೊಡುತ್ತಿದ್ದರೆ? ಇವಕ್ಕೆ ಉತ್ತರ ವಿಚಾರಿಸಿದರೆ ಸಿಗುತ್ತದೆ, ವಾದಿಸಿದರೆ ಸಿಗುವುದಿಲ್ಲ. ಎಷ್ಟೋ ‘ನೈತಿಕ’ ಜಗಳಗಳು ಇಷ್ಟಕ್ಕೇ ಮುಗಿದುಹೋಗುತ್ತವೆ.

ಎರಡನೆಯದು ಪದದ ಜಗಳ. ‘ಪಾಲ್ಗೊಂಡಿದ್ದಾರೆ’ ಎಂದರೇನು? ಗುಂಪಿನಲ್ಲಿ ಇದ್ದರೆ ಸಾಕೆ, ಬರೆದಿರಬೇಕೆ? ಬರೆದವರಲ್ಲೂ ಒಬ್ಬ ಹದಿನೈದು ಪುಟ, ಇನ್ನೊಬ್ಬ ಎರಡು ಪುಟ ಬರೆದಿದ್ದರೆ ಇಬ್ಬರಿಗೂ ಅದೇ ಕ್ರಿಯಾಪದ ಸಲ್ಲುತ್ತದೆಯೆ? ಚರ್ಚೆಯಲ್ಲಿ ಯಾರಾದರೂ ‘ಅದು ಸುಳ್ಳು’ ಎಂದು ಹೇಳಿದಾಗ ಒಮ್ಮೆ ನಿಲ್ಲಿಸಿ ‘ಸುಳ್ಳು ಎಂದರೆ ಇಲ್ಲಿ ಏನರ್ಥ?’ ಎಂದು ಕೇಳುವುದು ಕಾಲಹರಣವಲ್ಲ. ಸಾಕ್ರೆಟಿಸ್ ಆಥೆನ್ಸಿನಲ್ಲಿ ಮಾಡುತ್ತಿದ್ದುದು ಬಹುಪಾಲು ಇದನ್ನೇ. ಶೌರ್ಯ ಎಂದರೇನು, ಧರ್ಮಶ್ರದ್ಧೆ ಎಂದರೇನು ಎಂದು ಕೇಳಿ, ಬಂದ ಉತ್ತರಕ್ಕೆ ಹೊಂದದ ಒಂದು ಉದಾಹರಣೆಯನ್ನು ಮುಂದಿಡುವುದು. (ಅವನಿಗೆ ಆದ ಗತಿಯೂ ನೆನಪಿರಲಿ. ಪ್ರಶ್ನೆ ಕೇಳುವವರ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕುವುದಿಲ್ಲ.)

ಮೂರನೆಯದು ಮೌಲ್ಯದ ಜಗಳ. ಸಂಗತಿಗಳೆಲ್ಲ ಗೊತ್ತಾಗಿ, ಪದಗಳ ಅರ್ಥವೂ ಒಪ್ಪಿಗೆಯಾದ ಮೇಲೆ ಉಳಿಯುವುದು ಇದು: ಕಷ್ಟದಲ್ಲಿರುವವಳ ಕೈ ಹಿಡಿಯುವುದು ದೊಡ್ಡದೋ, ಸಹಿ ಹಾಕಿದ ವಾಕ್ಯ ನಿಜವಾಗಿರಬೇಕೆಂಬುದು ದೊಡ್ಡದೋ? ತತ್ತ್ವಶಾಸ್ತ್ರಜ್ಞ ಡೇವಿಡ್ ಹ್ಯೂಮ್ 18ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಂತೆ, ಏನಿದೆ ಎಂಬ ವಾಕ್ಯಗಳನ್ನು ಎಷ್ಟು ಪೇರಿಸಿದರೂ ಏನು ಮಾಡಬೇಕು ಎಂಬ ವಾಕ್ಯ ಅದರಿಂದ ತಾನಾಗಿ ಹುಟ್ಟುವುದಿಲ್ಲ. ನಡುವೆ ಯಾವುದೋ ಮೌಲ್ಯವನ್ನು ನಾವು ಸೇರಿಸಿರುತ್ತೇವೆ. ಅದನ್ನು ಎತ್ತಿ ಬೆಳಕಿಗೆ ಹಿಡಿಯುವುದೇ ನೀತಿಯ ಚರ್ಚೆಯ ನಿಜವಾದ ಕೆಲಸ. ಮೊದಲ ಎರಡು ಬಗೆಯ ಜಗಳಗಳನ್ನು ಬದಿಗೆ ಸರಿಸಿದ ಮೇಲಷ್ಟೇ ಇದು ಕಣ್ಣಿಗೆ ಬೀಳುತ್ತದೆ.

ಹನ್ನೊಂದು ವರ್ಷದ ಹುಡುಗಿ ಕೊಟ್ಟ ಉತ್ತರ

ಯಾವ ಪ್ರಶ್ನೆ ಕೇಳಬೇಕು ಎಂಬುದರ ಬಗ್ಗೆ ಹೇಳುವ ಮುನ್ನ ಒಂದು ಹಳೆಯ ಪ್ರಸಂಗ. ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ 1950ರ ದಶಕದಿಂದ ಮಕ್ಕಳ ಮುಂದೆ ಒಂದು ಧರ್ಮಸಂಕಟ ಇಡುತ್ತಿದ್ದರು. ಹೈಂಜ್ ಎಂಬವನ ಹೆಂಡತಿ ಸಾವಿನ ಅಂಚಿನಲ್ಲಿದ್ದಾಳೆ. ಅವಳನ್ನು ಉಳಿಸಬಲ್ಲ ಔಷಧ ಊರಿನ ಒಬ್ಬನ ಬಳಿ ಇದೆ, ಅವನು ತಯಾರಿಕೆಯ ಖರ್ಚಿನ ಹತ್ತು ಪಟ್ಟು ಬೆಲೆ ಕೇಳುತ್ತಾನೆ. ಹೈಂಜ್‌ಗೆ ಹೊಂದಿಸಲಾದದ್ದು ಅದರ ಅರ್ಧ ಮಾತ್ರ. ಔಷಧದವನು ಕಡಿಮೆ ಮಾಡಲೂ ಒಪ್ಪುವುದಿಲ್ಲ, ಸಾಲ ಕೊಡಲೂ ಒಪ್ಪುವುದಿಲ್ಲ. ಹೈಂಜ್ ಕದಿಯಬಹುದೆ? ಕೋಲ್‌ಬರ್ಗ್ ನೋಡುತ್ತಿದ್ದುದು ಹೌದು, ಅಲ್ಲ ಎಂಬುದನ್ನಲ್ಲ, ಅದಕ್ಕೆ ಕೊಡುವ ಕಾರಣವನ್ನು. ಶಿಕ್ಷೆಯ ಭಯದಿಂದ ಹಿಡಿದು ಎಲ್ಲರಿಗೂ ಅನ್ವಯಿಸುವ ತತ್ತ್ವದವರೆಗೆ ಕಾರಣಗಳನ್ನು ಅವರು ಮೆಟ್ಟಿಲುಗಳಾಗಿ ಜೋಡಿಸಿದರು.

ಅವರ ಸಹೋದ್ಯೋಗಿಯಾಗಿದ್ದ ಕ್ಯಾರಲ್ ಗಿಲಿಗನ್ 1982ರಲ್ಲಿ ಹನ್ನೊಂದು ವರ್ಷದ ಇಬ್ಬರು ಮಕ್ಕಳ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಹುಡುಗ ಥಟ್ಟನೆ ಲೆಕ್ಕ ಬಿಡಿಸಿದಂತೆ ಹೇಳಿದ: ಹಣಕ್ಕಿಂತ ಪ್ರಾಣ ದೊಡ್ಡದು, ಕದಿಯಲಿ. ಹುಡುಗಿ ತಡವರಿಸಿದಳು. ಕದಿಯದೆ ಬೇರೆ ದಾರಿ ಇರಬಹುದು, ಹಣ ಹೊಂದಿಸಬಹುದೇನೋ. ಕದ್ದು ಜೈಲಿಗೆ ಹೋದರೆ ಹೆಂಡತಿಯನ್ನು ನೋಡಿಕೊಳ್ಳುವವರು ಯಾರು? ಗಂಡಹೆಂಡತಿ ಇಬ್ಬರೂ ಕೂತು ಮಾತಾಡಿ ದಾರಿ ಹುಡುಕಬೇಕು. ಕೋಲ್‌ಬರ್ಗರ ಮೆಟ್ಟಿಲಿನಲ್ಲಿ ಇವಳಿಗೆ ಕೆಳಗಿನ ಸ್ಥಾನ. ಗಿಲಿಗನ್ ಕೇಳಿದ ಪ್ರಶ್ನೆ ಬೇರೆ: ಅವಳು ಪ್ರಶ್ನೆಗೆ ಉತ್ತರಿಸಲು ಸೋತಳೆ, ಅಥವಾ ಪ್ರಶ್ನೆಯನ್ನೇ ಬೇರೆಯಾಗಿ ಕಂಡಳೆ? ಹುಡುಗನಿಗೆ ಅದು ಎರಡು ಹಕ್ಕುಗಳ ತೂಕ. ಹುಡುಗಿಗೆ ಅದು ಹರಿದುಹೋಗುತ್ತಿರುವ ಸಂಬಂಧ.

ಗಂಡು ಹೆಣ್ಣು ಹೀಗೆ ಬೇರೆಬೇರೆಯಾಗಿ ಯೋಚಿಸುತ್ತಾರೆ ಎಂಬ ತೀರ್ಮಾನದ ಬಗ್ಗೆ ಆಮೇಲೆ ಬಹಳ ತಕರಾರು ಎದ್ದಿತು, ಅದು ಇಲ್ಲಿ ಬೇಡ. ಚರ್ಚೆ ನಡೆಸುವವರಿಗೆ ಸಿಗುವ ಪಾಠ ಇದು: ‘ಹೌದೋ ಅಲ್ಲವೋ ಹೇಳಿ’ ಎಂದು ಒತ್ತಾಯಿಸಿದರೆ ಕೋಣೆಯಲ್ಲಿರುವ ಅತ್ಯಂತ ಸೂಕ್ಷ್ಮವಾದ ಮನಸ್ಸು ಅಲ್ಲಿಗೇ ಬಾಯಿ ಮುಚ್ಚಬಹುದು. ಮುಖಪುಟದ ಪ್ರಸಂಗದಲ್ಲಿಯೂ ಯಾರೋ ಒಬ್ಬರು ಮೆಲ್ಲಗೆ ಕೇಳುತ್ತಾರೆ, ‘ಅವಳನ್ನೇ ಕೇಳಬಹುದಲ್ಲ?’ ಎಂದು. ಗಟ್ಟಿ ದನಿಯ ವಾದಗಳ ನಡುವೆ ಈ ಮಾತು ಕಳೆದುಹೋಗುವ ಸಂಭವವೇ ಹೆಚ್ಚು. ನಾಲ್ಕನೆಯವಳಿಗೆ ಏನು ಬೇಕು ಎಂಬುದನ್ನು ಅಷ್ಟು ಹೊತ್ತಿನವರೆಗೆ ಯಾರೂ ಕೇಳಿಯೇ ಇರುವುದಿಲ್ಲ.

ಯಾವ ಪ್ರಶ್ನೆಯನ್ನು ನಡುವೆ ಇಡಬೇಕು

ಟ್ರಾಲಿಯ ಸಮಸ್ಯೆ ಎಲ್ಲರಿಗೂ ಗೊತ್ತು. ಫಿಲಿಪ್ಪಾ ಫುಟ್ 1967ರಲ್ಲಿ ಮುಂದಿಟ್ಟದ್ದು, ಆಮೇಲೆ ಜೂಡಿತ್ ಜಾರ್ವಿಸ್ ಥಾಮ್ಸನ್ ಬೆಳೆಸಿದ್ದು: ತಡೆಯಿಲ್ಲದೆ ಓಡುವ ಗಾಡಿ, ಹಳಿಯ ಮೇಲೆ ಐವರು, ಇನ್ನೊಂದು ಹಳಿಯಲ್ಲಿ ಒಬ್ಬ. ಸನ್ನೆಕೋಲು ಎಳೆದು ಗಾಡಿಯನ್ನು ಆ ಒಬ್ಬನ ಕಡೆಗೆ ತಿರುಗಿಸಬಹುದೆ? ತತ್ತ್ವಶಾಸ್ತ್ರದ ತರಗತಿಯಲ್ಲಿ ಅದಕ್ಕೆ ಬೆಲೆಯಿದೆ. ಆದರೆ ವಿದ್ಯಾರ್ಥಿಗಳೂ ಸಮುದಾಯದವರೂ ಬೆರೆತ ಸಭೆಯನ್ನು ಅದರಿಂದ ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ. ಹಳಿಯ ಮೇಲಿನವರಿಗೆ ಹೆಸರಿಲ್ಲ, ಅವರನ್ನು ಕೇಳುವಂತಿಲ್ಲ, ಆಯ್ಕೆ ಎರಡೇ, ಕಾಲ ಒಂದೇ ಕ್ಷಣ. ಬದುಕಿನ ಧರ್ಮಸಂಕಟಗಳಲ್ಲಿ ಸಾಮಾನ್ಯವಾಗಿ ಇವುಗಳ ವಿರುದ್ಧವಾದುದೇ ಇರುತ್ತದೆ. ಜೊತೆಗೆ, ತನ್ನ ಕೈಗೆ ಎಂದೂ ಬಾರದ ಸನ್ನೆಕೋಲಿನ ಬಗ್ಗೆ ಯಾರು ಬೇಕಾದರೂ ಧೀರ ಮಾತು ಆಡಬಹುದು.

ಒಳ್ಳೆಯ ಪ್ರಸಂಗದಲ್ಲಿ ಕನಿಷ್ಠ ಎರಡು ಒಳ್ಳೆಯ ಮೌಲ್ಯಗಳು ಡಿಕ್ಕಿ ಹೊಡೆಯಬೇಕು. ಒಳ್ಳೆಯದು ಕೆಟ್ಟದ್ದರ ಡಿಕ್ಕಿಯಾದರೆ ಚರ್ಚಿಸಲು ಏನೂ ಉಳಿಯುವುದಿಲ್ಲ. ಶಿಕ್ಷಣದ ಸಂಶೋಧಕಿ ಡಯಾನಾ ಹೆಸ್ ತೆರೆದಿರುವ ಪ್ರಶ್ನೆಗೂ ಮುಗಿದಿರುವ ಪ್ರಶ್ನೆಗೂ ಮಾಡುವ ಭೇದ ಇಲ್ಲಿ ಬಹಳ ಉಪಯುಕ್ತ. ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳಬಹುದೆ ಎಂಬುದು ಮುಗಿದ ಪ್ರಶ್ನೆ. ಅದನ್ನು ‘ಎರಡೂ ಕಡೆ ಕೇಳೋಣ’ ಎಂದು ನಡುವೆ ಇಡುವುದು ತೆರೆದ ಮನಸ್ಸಿನ ಲಕ್ಷಣವಲ್ಲ, ಅಲ್ಲಿ ಕೂತಿರುವ ಯಾರದೋ ಮನುಷ್ಯತ್ವವನ್ನು ಹರಾಜಿಗಿಟ್ಟಂತೆ. ಗಡಿಯಲ್ಲಿರುವ ಪ್ರಶ್ನೆಗಳೂ ಇವೆ, ಕಾಲ ಸರಿದಂತೆ ತೆರೆದದ್ದು ಮುಚ್ಚುತ್ತದೆ, ಮುಚ್ಚಿದ್ದು ತೆರೆಯುತ್ತದೆ. ಅನುಮಾನವಿದ್ದಾಗ ಒಂದು ಒರೆಗಲ್ಲು: ಈ ಪ್ರಶ್ನೆಯ ಉತ್ತರದಿಂದ ಬದುಕು ಬದಲಾಗುವ ವ್ಯಕ್ತಿ ಈ ಕೋಣೆಯಲ್ಲಿ ಕೂತಿದ್ದರೆ, ಅವರ ಮುಖ ನೋಡಿಕೊಂಡು ಇದನ್ನು ಇದೇ ಮಾತುಗಳಲ್ಲಿ ಕೇಳಬಲ್ಲೆನೆ?

ಮೂರು ಸೆಕೆಂಡು

ಪ್ರಸಂಗ ಓದಿಯಾಯಿತು, ಪ್ರಶ್ನೆ ಕೇಳಿಯಾಯಿತು. ಈಗ ಮಾಡಬೇಕಾದದ್ದು ಏನೂ ಮಾಡದಿರುವುದು. ವಿಜ್ಞಾನ ಬೋಧನೆಯನ್ನು ಅಧ್ಯಯನ ಮಾಡಿದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಗಡಿಯಾರ ಹಿಡಿದು ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ತಾವೇ ಹೇಳುತ್ತಿದ್ದರು, ಇಲ್ಲವೆ ಬೇರೆಯವರತ್ತ ತಿರುಗುತ್ತಿದ್ದರು. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ಗಳು ಕಡಿಮೆಯಾದವು, ಎಂದೂ ಬಾಯಿ ತೆರೆಯದವರು ಮಾತನಾಡಿದರು, ಒಬ್ಬರು ಇನ್ನೊಬ್ಬರ ಮಾತಿಗೆ ಸ್ಪಂದಿಸತೊಡಗಿದರು.

ಮೂರು ಸೆಕೆಂಡು ಎಂದರೆ ಕೇಳಲು ಸಣ್ಣದು. ಇಪ್ಪತ್ತು ಜನರೆದುರು ನಿಂತು ಎಣಿಸಿ ನೋಡಿ. ಎರಡನೆಯ ಸೆಕೆಂಡಿಗೆ ನಾಲಿಗೆ ತುರಿಸುತ್ತದೆ. ವಿಜ್ಞಾನದ ಪ್ರಶ್ನೆಗೇ ಇಷ್ಟು ಬೇಕಾದರೆ, ‘ನೀವು ಅವಳ ಹೆಸರನ್ನು ತೆಗೆದು ಹಾಕುತ್ತಿದ್ದಿರಾ?’ ಎಂಬ ಪ್ರಶ್ನೆಗೆ ಹತ್ತು ಸೆಕೆಂಡು ಕೊಟ್ಟರೂ ಜಿಪುಣತನವೇ.

ಮೌನಕ್ಕಿಂತ ಮುಂಚೆ ಇನ್ನೊಂದು ಉಪಾಯ ಇದೆ: ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ತಮಗೆ ಅನ್ನಿಸಿದ್ದನ್ನು ಎರಡು ಸಾಲಿನಲ್ಲಿ ಬರೆದು ಮಡಚಿ ಇಟ್ಟುಕೊಳ್ಳಲು ಹೇಳುವುದು. ಇದು ಯಾಕೆ ಬೇಕು ಎಂಬುದಕ್ಕೆ ಮನೋವಿಜ್ಞಾನಿ ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗ ಸಾಕ್ಷಿ. ಗೆರೆಗಳ ಉದ್ದ ಹೋಲಿಸುವ, ಮಗುವಿಗೂ ತಿಳಿಯುವ ಕೆಲಸ. ಕೂತವರಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಆಶ್ ಅವರ ಕಡೆಯವರು, ಬೇಕೆಂದೇ ಒಕ್ಕೊರಲಿನಿಂದ ತಪ್ಪು ಉತ್ತರ ಹೇಳುವವರು. ಅಂಥ ಸುತ್ತುಗಳಲ್ಲಿ ಸುಮಾರು ಮೂರರಲ್ಲಿ ಒಂದು ಸಲ ಆ ಒಬ್ಬನೂ ಕಣ್ಣಿಗೆ ಕಾಣುತ್ತಿದ್ದುದನ್ನು ಬಿಟ್ಟು ಗುಂಪಿನೊಂದಿಗೆ ಹೋದ. ಆದರೆ ಉಳಿದವರಲ್ಲಿ ಒಬ್ಬರು ಸರಿಯುತ್ತರ ಹೇಳಿದರೂ ಸಾಕು, ಅವನ ತಪ್ಪುಗಳು ಸುಮಾರು ಕಾಲುಭಾಗಕ್ಕೆ ಇಳಿದವು. ಗೆರೆಯ ಉದ್ದದ ವಿಷಯದಲ್ಲಿಯೇ ಹೀಗಾದರೆ, ಶಿಕ್ಷಕರು, ತಂದೆತಾಯಿಗಳು, ಗೆಳೆಯರು ನೋಡುತ್ತಿರುವಾಗ ಹದಿನಾರು ವರ್ಷದವನೊಬ್ಬ ದಯೆಯ ಬಗ್ಗೆ, ನ್ಯಾಯದ ಬಗ್ಗೆ ತನಗನಿಸಿದ್ದನ್ನು ಹೇಳುತ್ತಾನೆಂದು ನಂಬುವುದು ಹೇಗೆ? ಮೊದಲೇ ಬರೆದ ಚೀಟಿ ಅವನ ಜೇಬಿನಲ್ಲಿರುವ ಜೊತೆಗಾರ.

ಚರ್ಚೆ ನಡೆಸುವವರು ಏನು ಮಾಡಬೇಕು

ಆದಷ್ಟು ಕಡಿಮೆ. ತಮ್ಮ ಅಭಿಪ್ರಾಯವನ್ನು ಮೊದಲು ಹೇಳಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಂಕ ಕೊಡುವ ಕೈ ಯಾವ ಕಡೆ ತೋರಿಸುತ್ತದೋ ಆ ಕಡೆಗೆ ತರಗತಿ ವಾಲುತ್ತದೆ. ಕೊನೆಯಲ್ಲಿ ಕೇಳಿದರೆ ಹೇಳಬಹುದೆ? ಹೇಳಬಹುದು, ಕಾರಣಗಳೊಂದಿಗೆ, ಎಲ್ಲರಂತೆ ತಾನೂ ಪ್ರಶ್ನೆಗೆ ಗುರಿಯಾಗಲು ಸಿದ್ಧವಿದ್ದರೆ. ಏನೂ ಅನ್ನಿಸದ ಮರದ ಗೊಂಬೆಯಂತೆ ನಟಿಸುವುದೂ ಒಂದು ಬಗೆಯ ಅಪ್ರಾಮಾಣಿಕತೆಯೇ.

ಅವರ ಕೈಯಲ್ಲಿರಬೇಕಾದ ಮುಖ್ಯ ಉಪಕರಣವನ್ನು ಮನೋಚಿಕಿತ್ಸಕ ಕಾರ್ಲ್ ರೋಜರ್ಸ್ 1951ರ ಉಪನ್ಯಾಸವೊಂದರಲ್ಲಿ ಸೂಚಿಸಿದ್ದರು. ಮಾತು ಬಿಸಿಯೇರಿದಾಗ ಒಂದು ನಿಯಮ ಹಾಕಿ: ಹಿಂದಿನವರು ಹೇಳಿದ್ದನ್ನು, ‘ಹೌದು, ನಾನು ಹೇಳಿದ್ದು ಅದನ್ನೇ’ ಎಂದು ಅವರೇ ಒಪ್ಪುವಂತೆ ಮರಳಿ ಹೇಳಿದ ನಂತರವೇ ನಿಮ್ಮ ಮಾತು. ಇದನ್ನು ಮಾಡಿ ನೋಡಿದವರಿಗೆ ಗೊತ್ತು, ಎಷ್ಟು ಕಷ್ಟವೆಂದು. ಎದುರಿನವರು ಮಾತನಾಡುತ್ತಿರುವಾಗ ನಾವು ಕೇಳುತ್ತಿರಲಿಲ್ಲ, ಉತ್ತರ ಸಿದ್ಧಪಡಿಸುತ್ತಿದ್ದೆವು ಎಂಬುದು ಮೊದಲ ಯತ್ನದಲ್ಲಿಯೇ ಬಯಲಾಗುತ್ತದೆ.

ಉಳಿದಂತೆ ಸಣ್ಣಪುಟ್ಟ ಪ್ರಶ್ನೆಗಳು. ಹಾಗನ್ನಿಸಲು ಕಾರಣ? ಅವಳ ತಂದೆಗೆ ಕಾಯಿಲೆಯಿಲ್ಲದೆ ಅವಳು ಸುಮ್ಮನೆ ಸೋಮಾರಿಯಾಗಿದ್ದರೆ ನಿಮ್ಮ ಉತ್ತರ ಬದಲಾಗುತ್ತದೆಯೆ? ಬದಲಾಗುವುದಾದರೆ, ವಾಕ್ಯ ನಿಜವೋ ಸುಳ್ಳೋ ಎಂಬುದು ನಿಮ್ಮ ನಿಜವಾದ ಕಾರಣವಾಗಿರಲಿಲ್ಲ ಎಂದಾಯಿತಲ್ಲ? ಈ ನಾಲ್ವರಲ್ಲಿ ನೀವು ಯಾರೆಂದು ಗೊತ್ತಿಲ್ಲದೆ ನಿಯಮ ಮಾಡಬೇಕಾಗಿದ್ದರೆ ಯಾವ ನಿಯಮ ಮಾಡುತ್ತಿದ್ದಿರಿ? ಈ ಕಡೆಯದು ತತ್ತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ‘ಅಜ್ಞಾನದ ತೆರೆ’ ಎಂದು ಕರೆದ ಕಲ್ಪನೆಯ ಪುಟ್ಟ ರೂಪ. ತನ್ನ ಪಾತ್ರ ಯಾವುದೆಂದು ತಿಳಿಯದವನಿಗೆ ತನ್ನ ಲಾಭದ ಕಡೆಗೆ ನಿಯಮವನ್ನು ಬಗ್ಗಿಸಲು ಆಗುವುದಿಲ್ಲ.

ಒಂದು ಮಾತು ಮಾತ್ರ ಬಂದೇ ಬರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಾದಾಗ, ದಣಿವಿನಿಂದ: ‘ಅವರವರಿಗೆ ಅವರವರದೇ ಸರಿ.’ ಕೇಳಲು ವಿನಯದಂತಿದೆ, ಆದರೆ ಚರ್ಚೆಗೆ ಅದು ಬೀಗ. ಅದನ್ನು ಹೇಳಿದವರನ್ನು ಸೋಲಿಸುವ ಅಗತ್ಯವಿಲ್ಲ. ಮೂವರೂ ಅವಳಿಗೆ ಹೇಳದೆ ಅವಳ ಹೆಸರನ್ನು ತೆಗೆದು, ಅವಳು ಬಂದು ಕೇಳಿದಾಗ ‘ನಮಗೆ ನಮ್ಮದೇ ಸರಿ’ ಎಂದರೆ ಅವಳಿಗೆ ದೂರಲು ಏನೂ ಇಲ್ಲವೆ ಎಂದು ಕೇಳಿ, ಕಾಯಿರಿ. ಮೂರು ಸೆಕೆಂಡು.

ಊರಿನವರು ಯಾಕೆ ಬೇಕು

ವಿದ್ಯಾರ್ಥಿಗಳಷ್ಟೇ ಕೂತರೂ ಚರ್ಚೆ ನಡೆಯುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಮ್ಯಾಥ್ಯೂ ಲಿಪ್‌ಮನ್‌ರಿಗೆ ಕಾಲೇಜಿನ ಹೊತ್ತಿಗೆ ತರ್ಕ ಕಲಿಸುವುದು ತಡವಾಯಿತು ಅನ್ನಿಸಿ, ಮಕ್ಕಳಿಗಾಗಿ ತತ್ತ್ವಶಾಸ್ತ್ರದ ಪದ್ಧತಿಯೊಂದನ್ನು ರೂಪಿಸಿದರು, 1974ರಲ್ಲಿ ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ ಅದಕ್ಕಾಗಿ ಸಂಸ್ಥೆ ಕಟ್ಟಿದರು. ಮಕ್ಕಳು ವೃತ್ತಾಕಾರದಲ್ಲಿ ಕೂತು ಕಥೆಯೊಂದನ್ನು ಸರದಿಯಂತೆ ಓದುತ್ತಾರೆ, ಪ್ರಶ್ನೆಗಳನ್ನು ತಾವೇ ಎತ್ತುತ್ತಾರೆ, ಯಾವುದನ್ನು ಚರ್ಚಿಸಬೇಕೆಂದು ತಾವೇ ಆರಿಸುತ್ತಾರೆ. ವಯಸ್ಕರ ಕಡೆಯಿಂದ ನೋಡಿದರೆ ಪ್ಯಾರಿಸ್ಸಿನಲ್ಲಿ ಮಾರ್ಕ್ ಸೋಟೆ 1992ರಲ್ಲಿ ಕೆಫೆಯೊಂದರಲ್ಲಿ ಭಾನುವಾರದ ತತ್ತ್ವಚರ್ಚೆ ಆರಂಭಿಸಿದ್ದರು, ಯಾರು ಬೇಕಾದರೂ ಬಂದು ಕೂರಬಹುದಿತ್ತು. ಎರಡನ್ನೂ ಬೆರೆಸಿದಾಗ ಆಗುವುದು ಬೇರೆಯೇ.

ಮುಖಪುಟದ ಪ್ರಸಂಗ ವಿದ್ಯಾರ್ಥಿಗಳ ನಡುವೆ ಗೆಳೆತನ ಮತ್ತು ನಿಯಮಗಳ ನಡುವಿನ ಹಗ್ಗಜಗ್ಗಾಟವಾಗಿ ನಡೆಯುತ್ತಿರುತ್ತದೆ ಎಂದು ಕಲ್ಪಿಸಿಕೊಳ್ಳಿ. ನಿವೃತ್ತ ದಾದಿಯೊಬ್ಬರು ಕೂತಿದ್ದಾರೆ. ಅವರು ಹೇಳುತ್ತಾರೆ: ‘ನಮ್ಮ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬಳಿಗೆ ತೀರಾ ಸಂಕಟವಿದ್ದರೆ ಅವಳ ಕೆಲಸ ನಾವೇ ಮಾಡುತ್ತಿದ್ದೆವು. ಎಷ್ಟು ಸಲವೋ. ಆದರೆ ಚಾರ್ಟಿನಲ್ಲಿ ಅವಳ ಸಹಿ ನಾವು ಹಾಕುತ್ತಿರಲಿಲ್ಲ. ಬೆಳಿಗ್ಗೆ ಬರುವವರು ಆ ಸಹಿ ನಂಬಿ ಔಷಧ ಕೊಡುತ್ತಾರಲ್ಲ.’ ಕೋಣೆಯಲ್ಲಿ ಅಷ್ಟು ಹೊತ್ತು ಇಲ್ಲದಿದ್ದ ಒಬ್ಬ ವ್ಯಕ್ತಿ ಈಗ ಬಂದು ಕೂತಂತಾಯಿತು: ಆ ಹೆಸರನ್ನು ಓದಿ ನಂಬುವವನು. ಕೆಲಸವನ್ನು ಹಂಚಿಕೊಳ್ಳುವುದು ಬೇರೆ, ಸಹಿಯನ್ನು ಹಂಚಿಕೊಳ್ಳುವುದು ಬೇರೆ ಎಂಬ ಭೇದ ಯಾವ ಪಠ್ಯದಲ್ಲಿಯೂ ಇರಲಿಲ್ಲ.

ಆಗ ಹದಿನೇಳರ ಹುಡುಗಿಯೊಬ್ಬಳು ಕೇಳಬಹುದು: ‘ಸರಿ, ಆದರೆ ನಿಮ್ಮ ಆ ಸಂಕಟದ ರಾತ್ರಿಗಳಿಗೆ ರಜೆ ಯಾಕೆ ಇರಲಿಲ್ಲ? ನೀವು ಯಾಕೆ ಕೇಳಲಿಲ್ಲ?’ ಹಿರಿಯರು ನಡೆದುಕೊಂಡು ಬಂದದ್ದೆಂದು ಒಪ್ಪಿಕೊಂಡದ್ದನ್ನು ಕಿರಿಯರು ಒಪ್ಪಿಕೊಂಡಿರುವುದಿಲ್ಲ. ಒಬ್ಬರಿಗೆ ಪರಿಣಾಮಗಳ ನೆನಪಿದೆ, ಇನ್ನೊಬ್ಬರಿಗೆ ಅಭ್ಯಾಸದ ಜಡ್ಡು ಬಿದ್ದಿಲ್ಲ. ಪ್ರಶ್ನೆ ಈಗ ಮೂವರು ಗೆಳೆಯರ ತಲೆಯ ಮೇಲಿನಿಂದ ಇಳಿದು, ಕಾಯಿಲೆಯವರಿಗೆ ಗಡುವು ಸಡಿಲಿಸುವ ಏರ್ಪಾಡು ಯಾಕಿಲ್ಲ ಎಂಬಲ್ಲಿಗೆ ಹೋಗುತ್ತದೆ. ಅದೂ ನೀತಿಯ ಪ್ರಶ್ನೆಯೇ, ಬಹುಶಃ ದೊಡ್ಡದು.

ಬೆರೆತ ಗುಂಪು ಕಠಿಣ ಪ್ರಶ್ನೆಯನ್ನು ಹೊರಬಲ್ಲದು ಎಂಬುದಕ್ಕೆ ಐರ್ಲೆಂಡಿನ ನಾಗರಿಕ ಸಭೆ ದೊಡ್ಡ ಪ್ರಮಾಣದ ಉದಾಹರಣೆ. 2016ರಲ್ಲಿ ಸೇರಿದ ಆ ಸಭೆಯಲ್ಲಿ ಒಬ್ಬ ನ್ಯಾಯಾಧೀಶೆಯ ಅಧ್ಯಕ್ಷತೆಯಲ್ಲಿ 99 ಸಾಮಾನ್ಯ ನಾಗರಿಕರಿದ್ದರು. ದಶಕಗಳಿಂದ ದೇಶವನ್ನು ಸೀಳಿದ್ದ ಗರ್ಭಪಾತದ ವಿಷಯವನ್ನು ಐದು ವಾರಾಂತ್ಯಗಳಲ್ಲಿ, ಪರಿಣತರ ಮಾತನ್ನೂ ಅನುಭವಸ್ಥರ ಮಾತನ್ನೂ ಕೇಳಿ, ಸಣ್ಣ ಮೇಜುಗಳ ಸುತ್ತ ಕೂತು ಚರ್ಚಿಸಿದರು. ಅವರ ಶಿಫಾರಸಿನ ನಂತರ 2018ರ ಮೇ ತಿಂಗಳಲ್ಲಿ ನಡೆದ ಜನಮತಗಣನೆಯಲ್ಲಿ ಶೇ 66.4ರಷ್ಟು ಮಂದಿ ಸಂವಿಧಾನದಲ್ಲಿದ್ದ ಗರ್ಭಪಾತದ ನಿರ್ಬಂಧವನ್ನು ತೆಗೆಯಲು ಮತ ಹಾಕಿದರು. ಫಲಿತಾಂಶ ಒಪ್ಪಿಗೆಯೋ ಅಲ್ಲವೋ, ಮೇಜಿನ ಗಾತ್ರವನ್ನು ಗಮನಿಸಿ. ವೇದಿಕೆ, ಮೈಕು, ಎದುರಿಗೆ ಸಾಲುಸಾಲು ಕುರ್ಚಿ ಇದ್ದರೆ ಭಾಷಣ ಹುಟ್ಟುತ್ತದೆ.

ಇದರಿಂದ ಪ್ರಯೋಜನವಿದೆಯೆ?

ಇಲ್ಲಿ ಪ್ರಚಾರಕರ ಮಾತನ್ನು ಸ್ವಲ್ಪ ತಗ್ಗಿಸಿ ಕೇಳಬೇಕು. ಧರ್ಮಸಂಕಟಗಳನ್ನು ವಾರವಾರವೂ ಚರ್ಚಿಸಿದ ವಿದ್ಯಾರ್ಥಿಗಳ ನೈತಿಕ ತರ್ಕ ಬಲಿಯುತ್ತದೆ ಎಂದು ಕೋಲ್‌ಬರ್ಗರ ಶಿಷ್ಯ ಮೋಶೆ ಬ್ಲಾಟ್ ತೋರಿಸಿದರು. ಇಂಗ್ಲೆಂಡಿನ 48 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತತ್ತ್ವಚರ್ಚೆ ಮಾಡಿದ ಮಕ್ಕಳು ಓದು ಮತ್ತು ಗಣಿತದಲ್ಲಿ ಸುಮಾರು ಎರಡು ತಿಂಗಳಷ್ಟು ಮುಂದೆ ಹೋದಂತೆ ಕಂಡಿತು. ಸುದ್ದಿಯಾಯಿತು. 2021ರಲ್ಲಿ ಬಂದ ಇನ್ನೂ ದೊಡ್ಡ ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ. ಅಷ್ಟು ಸುದ್ದಿಯಾಗಲಿಲ್ಲ. ಅಂಕ ಹೆಚ್ಚಿಸುವ ಮದ್ದೆಂದು ಇದನ್ನು ಮಾರಲು ಹೊರಟವರಿಗೆ ತಕ್ಕ ಶಾಸ್ತಿ ಎಂದೇ ನನಗನ್ನಿಸಿತು.

ನಡತೆ ಸುಧಾರಿಸುತ್ತದೆಯೆ? ತತ್ತ್ವಶಾಸ್ತ್ರಜ್ಞ ಎರಿಕ್ ಶ್ವಿಟ್ಜ್‌ಗೆಬೆಲ್ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಂದ ಕಾಣೆಯಾದ ಪುಸ್ತಕಗಳ ಲೆಕ್ಕ ತೆಗೆದು 2009ರಲ್ಲಿ ಪ್ರಕಟಿಸಿದರು. ತತ್ತ್ವಶಾಸ್ತ್ರದ ಬೇರೆ ಪುಸ್ತಕಗಳಿಗಿಂತ ನೀತಿಶಾಸ್ತ್ರದ ಪುಸ್ತಕಗಳೇ ಹೆಚ್ಚು ಕಳುವಾಗಿದ್ದವು. ನಗಬೇಕೋ ಅಳಬೇಕೋ ತಿಳಿಯದ ಫಲಿತಾಂಶ. ಆದರೆ ಅವರೇ ಸಂಗಡಿಗರೊಂದಿಗೆ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಹೀಗಿದೆ: ಮಾಂಸಾಹಾರದ ನೈತಿಕತೆಯನ್ನು ಓದಿ ಚರ್ಚಿಸಿದ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲಿ ಕೊಂಡ ಊಟಗಳ ರಸೀದಿಗಳನ್ನು ನೋಡಿದಾಗ, ಮಾಂಸವಿದ್ದವು ಶೇ 52ರಿಂದ ಶೇ 45ಕ್ಕೆ ಇಳಿದಿದ್ದವು. ಬೇರೆ ವಿಷಯ ಚರ್ಚಿಸಿದ ಗುಂಪಿನಲ್ಲಿ ಇಳಿಕೆಯಿರಲಿಲ್ಲ. ಮಾಂಸ ತಿನ್ನುವುದು ಸರಿಯೋ ತಪ್ಪೋ ಎಂಬುದು ಈ ಲೇಖನದ ವಿಷಯವಲ್ಲ. ಒಂದು ಓದು, ಒಂದು ಚರ್ಚೆ ಕೆಲವರ ಕೈಯವರೆಗೆ ಇಳಿದು ಬಂತು ಎಂಬುದು ವಿಷಯ.

ಕೆಡುವ ಸಾಧ್ಯತೆಯೂ ಇದೆ. ಕೋಣೆಯಲ್ಲಿ ನಿಜಕ್ಕೂ ತಂದೆ ಆಸ್ಪತ್ರೆಯಲ್ಲಿರುವ ಹುಡುಗಿಯೊಬ್ಬಳು ಇರಬಹುದು, ಇಪ್ಪತ್ತು ಜನ ಅವಳ ಬದುಕನ್ನು ಪ್ರಸಂಗವೆಂಬಂತೆ ಬಿಡಿಸಿ ಗುಡ್ಡೆ ಹಾಕುತ್ತಿರುತ್ತಾರೆ. ಆದ್ದರಿಂದ ವಿಷಯವನ್ನು ಮೊದಲೇ ತಿಳಿಸಿರಬೇಕು, ಬಾರದಿರಲು, ಬಂದು ಸುಮ್ಮನಿರಲು ಅವಕಾಶವಿರಬೇಕು, ಚರ್ಚೆಯಲ್ಲಿ ಆಡಿದ ಮಾತಿಗೆ ಅಂಕವಾಗಲಿ ಮನೆಗೆ ದೂರಾಗಲಿ ಹೋಗಬಾರದು. ಊರಿನ ದೊಡ್ಡವರೊಬ್ಬರು ಬಂದು ಅರ್ಧ ಸಮಯ ತಾವೇ ಮಾತನಾಡುವುದು ಇನ್ನೊಂದು ಅಪಾಯ. ಅವರಿಗೂ ಚೀಟಿ ಕೊಡಿ, ಅವರಿಗೂ ರೋಜರ್ಸ್ ನಿಯಮ ಹೇಳಿ, ವೃತ್ತದಲ್ಲಿ ಎಲ್ಲರ ಕುರ್ಚಿಯಂಥದೇ ಕುರ್ಚಿ ಕೊಡಿ. ವಿದ್ಯಾರ್ಥಿಯೊಬ್ಬನ ಮಾತನ್ನು ಅವನು ಒಪ್ಪುವಂತೆ ಮರಳಿ ಹೇಳಬೇಕಾಗಿ ಬಂದಾಗ ದೊಡ್ಡವರ ದನಿ ತಾನಾಗಿ ತಗ್ಗುತ್ತದೆ.

ಮುಗಿಯಲು ಹತ್ತು ನಿಮಿಷವಿರುವಾಗ ಎರಡನೆಯ ಚೀಟಿ ಹಂಚಬೇಕು. ಪ್ರಶ್ನೆ ಅದೇ, ಉತ್ತರ ಎರಡೇ ಸಾಲು. ಆಮೇಲೆ ಮೊದಲಿನದನ್ನು ಬಿಚ್ಚಿ ಪಕ್ಕದಲ್ಲಿಟ್ಟುಕೊಳ್ಳುವುದು. ಯಾರೂ ಯಾರಿಗೂ ತೋರಿಸಬೇಕಾಗಿಲ್ಲ. ಕೆಲವರದು ಅಕ್ಷರಶಃ ಹಾಗೇ ಇರುತ್ತದೆ. ಕೆಲವರದು ತಿರುಗಿರುತ್ತದೆ. ನನಗೆ ಹೆಚ್ಚು ಕುತೂಹಲ ಮೂರನೆಯ ಬಗೆಯದು: ಮೊದಲ ಚೀಟಿಯಲ್ಲಿ ‘ಹೆಸರು ಇರಲಿ, ಪಾಪ’ ಎಂದಿರುತ್ತದೆ, ಎರಡನೆಯದರಲ್ಲಿ ‘ಹೆಸರು ಇರಲಿ, ಮೇಲಿನ ವಾಕ್ಯ ಹೊಡೆದುಹಾಕಿ ಯಾರು ಏನು ಮಾಡಿದೆವೆಂದು ಬರೆಯುತ್ತೇವೆ, ಮೊದಲು ಅವಳಿಗೆ ಫೋನ್ ಮಾಡುತ್ತೇವೆ’ ಎಂದು.